ಮೌಸ್‌ಗೆ ತಾನೆಲ್ಲಿದ್ದೇನೆಂದೇ ಗೊತ್ತಿಲ್ಲ

ಪುನರ್ವಸು ಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ಅಂಗಳಕ್ಕೂ ಇಳಿಯುವ ಹಾಗಿಲ್ಲ. ಮೊನ್ನೆ ಹಾಗೇ ಮನೇಲಿ ಕೂತವನು ಅಟ್ಟದ ಮೇಲಿದ್ದ ಹಳೇ 486 ಕಂಪ್ಯೂಟರ್ ಇಳಿಸಿದೆ. ಬೂಸ್ಟು ಒರೆಸಿ, ಎರಡು ದಿನ ಒಲೆ ಪಕ್ಕ ಒಣಗಿಸಿದ ಮೇಲೆ ಅದರ ಹಳೇ ಆಪರೇಟಿಂಗ್ ಸಿಸ್ಟಮ್ ಡಾಸ್ ಎದ್ದಿತು! ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ಇಣುಕಿ ನೋಡಿ, "ಚಿಕ್ಕಪ್ಪ, ಡ್ರೈವರ್ ಇಲ್ದೆ ಮೌಸ್ ಓಡುತ್ತಾ?" ಅಂದ. ಡ್ರೈವರ್ ಅಂದರೆ ಮೌಸ್ ಕಳಿಸಿದ್ದನ್ನು ಓದಿ ಕರ್ಸರ್ ಓಡಿಸುವ ಪ್ರೋಗ್ರಾಮ್. ಓಡ್ಸೋದು ನಾವೇ ಮಾರಾಯ ಅಂದೆ, ಆ ಕೆಲಸದ ಪ್ರೋಗ್ರಾಮನ್ನು ಅವನ ಕೈಲೇ ಬರೆಸತೊಡಗಿದೆ.

ತೊಂಬತ್ತರ ದಶಕದಲ್ಲಿ ಶಿವಮೊಗ್ಗದಲ್ಲಿ ಟರ್ಬೋ ಸಿಯಲ್ಲಿ ಪ್ರೋಗ್ರಾಮ್ ಬರೆಯೋದು ಕಲಿಯುವಾಗ ನಮಗೆ ಹೇಳಿಕೊಟ್ಟದ್ದು ಮೌಸ್ ಡ್ರೈವರನ್ನು ಕರೆಯುವ ಇಂಟರಪ್ಟ್ 33ಎಚ್ ಮಾತ್ರ (ಎಚ್ ಅಂದರೆ ಹದಿನಾರರ ಲೆಕ್ಕದ ಸಂಖ್ಯೆ). ಪ್ರೊಸೆಸರ್ ಒಳಗಿನ ಎಎಕ್ಸ್ ಅನ್ನೋ ಖಾನೆಗೆ 3 ಹಾಕಿ ಕರೆದರೆ ಸಿಎಕ್ಸ್, ಡಿಎಕ್ಸ್ ಖಾನೆಗಳಲ್ಲಿ ಮೌಸ್ ಇರುವ ಜಾಗ ಸಿಗುತ್ತೆ ಅಂತ. ಮೌಸ್ ಜಾಗ ಹೇಳುತ್ತೆ ಅಂತಲೇ ವರ್ಷಗಟ್ಟಲೆ ನಂಬಿದ್ದೆ. ಶುದ್ಧ ಸುಳ್ಳು. ಅದು ಹೇಳೋದು "ಇಷ್ಟು ಸರಿದೆ" ಅಂತ, ಅಷ್ಟೇ. ಜಾಗ ಅನ್ನೋದು ಡ್ರೈವರ್ ಕೂಡಿ ಕಳೆದು ಇಟ್ಟುಕೊಂಡ ಲೆಕ್ಕ.

ನಮ್ಮದು ಹಳೇ ಸೀರಿಯಲ್ ಕಿಂಡಿಗೆ ಸಿಕ್ಕಿಸುವ ಸೀರಿಯಲ್ ಮೌಸ್. ಅದು ಸರಿದಾಗೆಲ್ಲ ಮೂರು ಬೈಟ್ ಕಳಿಸುತ್ತೆ, ಒಂದೊಂದರಲ್ಲೂ 7 ಬಿಟ್, ವೇಗ ಸೆಕೆಂಡಿಗೆ 1200 ಬಿಟ್. ಆ ಕಿಂಡಿಯ ಹೆಸರು ಕಾಮ್1, ಪ್ರೋಗ್ರಾಮ್‌ಗೆ ಅದರ ವಿಳಾಸ ಪೋರ್ಟ್ 3ಎಫ್8. ಕಿಂಡಿಯ ಗರಿಷ್ಠ ವೇಗ 115200 ಅನ್ನು 1200ರಿಂದ ಭಾಗಿಸಿ ಬಂದ 96 ಅನ್ನು ಅಲ್ಲಿ ಬರೆಯಬೇಕು. ಮೊದಲ ಬೈಟ್‌ನಲ್ಲಿ ಎರಡು ಗುಂಡಿಗಳ ಸ್ಥಿತಿ, ಜೊತೆಗೆ ಅಡ್ಡ ಸರಿದ ಲೆಕ್ಕ ಎಕ್ಸ್, ಮೇಲೆ-ಕೆಳಗೆ ಸರಿದ ಲೆಕ್ಕ ವೈ, ಇವುಗಳ ಮೇಲಿನ ಎರಡೆರಡು ಬಿಟ್. ಉಳಿದ ಆರಾರು ಬಿಟ್ ಮುಂದಿನ ಎರಡು ಬೈಟ್‌ನಲ್ಲಿ. ಮೊದಲನೆಯದರಲ್ಲಿ ಮಾತ್ರ 6ನೇ ಬಿಟ್ (ಸೊನ್ನೆಯಿಂದ ಎಣಿಸಿ) 1. ಅದನ್ನು ನೋಡದೆ ಬರೀ ಮೂರು ಮೂರು ಎಣಿಸಿದರೆ, ಒಂದು ಬೈಟ್ ತಪ್ಪಿದ ಕೂಡಲೇ ಕರ್ಸರ್ ದೆವ್ವ ಹಿಡಿದಂತೆ ಕುಣಿಯುತ್ತೆ. ಹುಡುಗ ಕುಣಿಸಿದ, ನಾನು ಸುಮ್ಮನೆ ನೋಡುತ್ತಾ ಕೂತೆ.

ಕರೆಂಟಿನ ಸಂಗತಿ ಇನ್ನೂ ಚೆಂದ. ಈ ಮೌಸ್‌ಗೆ ಬೇರೆ ಕರೆಂಟಿನ ತಂತಿಯೇ ಇಲ್ಲ. ಡಿಟಿಆರ್, ಆರ್‌ಟಿಎಸ್ ಅನ್ನೋ ಸಂಕೇತದ ಗೆರೆಗಳಿಂದಲೇ ಹೀರಿಕೊಂಡು ಬದುಕುತ್ತೆ. ಆ ಗೆರೆ ಇಳಿಸಿ ಎತ್ತಿದರೆ ಎದ್ದು 'ಎಂ' ಅಂತ ಒಂದಕ್ಷರ ಕಳಿಸುತ್ತೆ, ಹಾಜರಿ ಕೂಗಿದಾಗ ಓಗೊಟ್ಟ ಹಾಗೆ. ಆ ಕಾಲದಲ್ಲಿ ನಾನು 3ಎಫ್‌ಸಿ ಪೋರ್ಟ್‌ಗೆ 3 ಬರೆದು ಗೆರೆ ಎತ್ತಿದ್ದೆ, 'ಎಂ' ಬಂತು, ಬೈಟ್ ಬಂದಿದೆ ಅಂತ ಪ್ರೊಸೆಸರನ್ನು ಕೂಗುವ ಇಂಟರಪ್ಟ್ ಮಾತ್ರ ಬರಲಿಲ್ಲ. ಮೂರು ದಿನ ತಲೆ ಕೆರೆದುಕೊಂಡೆ. ಔಟ್2 ಅನ್ನೋ ಇನ್ನೊಂದು ಬಿಟ್ ಎತ್ತದಿದ್ದರೆ ಕಾಮ್1ರ ಆ ಕೂಗು, ಅಂದರೆ ಐಆರ್‌ಕ್ಯೂ 4, ಬಾಗಿಲು ದಾಟೋದೇ ಇಲ್ಲವಂತೆ. 3ರ ಬದಲು 11 ಬರೆದೆ, ಬಂತು. ಒಂದೇ ಸಲ ಬಂದು ನಿಂತಿತು, ಯಾಕೆಂದರೆ ಕೊನೆಯಲ್ಲಿ ಇಂಟರಪ್ಟ್‌ಗಳನ್ನು ನೋಡಿಕೊಳ್ಳುವ ಚಿಪ್‌ನ ಪೋರ್ಟ್ 20ಎಚ್‌ಗೆ 20ಎಚ್ ಬರೆದು "ಮುಗೀತು" ಅನ್ನೋದು ಮರೆತಿದ್ದೆ.

ಹಾಗಂತ ಎಲ್ಲರೂ ಪೋರ್ಟ್‌ಗೇ ಕೈ ಹಾಕಿ ಅಂತಿಲ್ಲ. ಊರಿಗೆಲ್ಲ ಹಂಚುವ ಪ್ರೋಗ್ರಾಮ್‌ನಲ್ಲಿ ಅದು ಮೂರ್ಖತನ. ದುಂಡು ಕಿಂಡಿಗೆ ಸಿಕ್ಕಿಸುವ ಪಿಎಸ್/2 ಮೌಸ್ ಆದರೆ ಪೋರ್ಟ್ 60ಎಚ್, ಐಆರ್‌ಕ್ಯೂ 12, ಬಿಟ್‌ಗಳ ಜೋಡಣೆಯೇ ಬೇರೆ. ಸೀರಿಯಲ್‌ನಲ್ಲಿ ಕೆಳಕ್ಕೆ ಎಳೆದರೆ ವೈ ಹೆಚ್ಚುತ್ತೆ, ಪಿಎಸ್/2ನಲ್ಲಿ ಮೇಲಕ್ಕೆ ಎಳೆದರೆ. ಈ ತಲೆನೋವು ಹೊರೋಕೇ ಡ್ರೈವರ್ ಇರೋದು. ಆದರೆ ಡ್ರೈವರ್ ಏನು ಹೊರುತ್ತೆ ಅಂತ ಒಂದು ಸಲವೂ ಹೊತ್ತು ನೋಡದವನಿಗೆ ಪದವಿ ಕೊಡಬಾರದು ಅಂತ ನನ್ನ ವಾದ. ಬೈಯೋರು ಬೈಯಿರಿ.

ಹುಡುಗ ಈಗ ಮೌಸ್ ಎತ್ತಿ ಮೇಜಿನ ಆ ತುದಿಗಿಟ್ಟು, ಕರ್ಸರ್ ಅಲುಗಲಿಲ್ಲ ಅಂತ ನಗುತ್ತಾನೆ. ಆದರೆ ಕರ್ಸರ್ ಹೋದಲ್ಲೆಲ್ಲ ಪರದೆ ಮೇಲೆ ಕಲೆ ಉಳಿಯುತ್ತಿದೆ. ಅಡಿಯಲ್ಲಿದ್ದ ಅಕ್ಷರ ಎತ್ತಿಟ್ಟುಕೊಂಡು ವಾಪಸ್ ಹಾಕುವ ಕೆಲಸವನ್ನೂ 33ಎಚ್ಚೇ ಮಾಡುತ್ತಿತ್ತಲ್ಲ. ನಿನ್ನೆ ರಾತ್ರಿ ಅದನ್ನು ಬರೆಯುತ್ತಿದ್ದ, ಅಷ್ಟರಲ್ಲಿ ಕರೆಂಟ್ ಹೋಯ್ತು.