ಗ್ಯಾರೇಜ್ ಬಾಗಿಲಿಗೆ ಅಷ್ಟು ದೊಡ್ಡ ಇನ್ವರ್ಟರ್ ಯಾಕೆ?

ಕರೆಂಟ್ ಲೈನ್ ಇಲ್ಲದ ಗ್ಯಾರೇಜಿನಲ್ಲಿ ರಿಮೋಟ್ ಬಾಗಿಲು ಓಡಿಸಲು ದೊಡ್ಡ ಇನ್ವರ್ಟರ್ (ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಬದಲಿಸುವ ಪೆಟ್ಟಿಗೆ), ದೊಡ್ಡ ಸೋಲಾರ್ ಪ್ಯಾನೆಲ್ ಹಾಕಿಸಿ ಅಂತ ಲೇಖನದಲ್ಲಿ ಹೇಳಿದ್ದೀರಿ. ನನಗೆ ಇದು ಸರಿ ಅನ್ನಿಸಲಿಲ್ಲ. ಬಾಗಿಲು ಎತ್ತುವ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ನಿಜ. ಆದರೆ ಎಷ್ಟು ಹೊತ್ತು? 500 ವ್ಯಾಟಿನ ಮೋಟಾರ್ 15 ಸೆಕೆಂಡ್ ಓಡಿದರೆ ಖರ್ಚು ಸುಮಾರು 2 ವ್ಯಾಟ್-ಅವರ್ (ಅಂದರೆ 2 ವ್ಯಾಟಿನ ಬಲ್ಬ್ ಒಂದು ಗಂಟೆ ಉರಿದಷ್ಟು) ಅಷ್ಟೇ. ದಿನಕ್ಕೆ ನಾಲ್ಕು ಸಲ ತೆರೆದು ಮುಚ್ಚಿದರೂ 17 ದಾಟುವುದಿಲ್ಲ.

ಬ್ಯಾಟರಿ ತಿನ್ನುವುದು ಸುಮ್ನೆ ಕಾಯುವ ಹೊತ್ತು. ರಿಮೋಟ್ ಒತ್ತಿದ್ದು ತಿಳಿಯಬೇಕಾದರೆ ರಿಸೀವರ್ ಹಗಲೂ ರಾತ್ರಿ ಆನ್ ಇರಬೇಕು ಅಲ್ವಾ? ಅದು 5 ವ್ಯಾಟ್ ಎಳೆದರೆ ದಿನಕ್ಕೆ 120 ವ್ಯಾಟ್-ಅವರ್. ಇನ್ವರ್ಟರ್ ತಾನೇ 10 ವ್ಯಾಟ್ ತಿಂದರೆ ಇನ್ನೂ 240. ಬಾಗಿಲು ಒಮ್ಮೆಯೂ ಅಲುಗಾಡದೆ ಬ್ಯಾಟರಿ ಇಳಿದುಹೋಗುತ್ತದೆ.

ಅದಕ್ಕೇ ಬ್ಯಾಟರಿಯಿಂದ ನೇರವಾಗಿ ಓಡುವ 24 ವೋಲ್ಟ್ ಡಿಸಿ ಮೋಟಾರಿನ ಓಪನರ್ (ಬಾಗಿಲು ತೆರೆಯುವ ಯಂತ್ರ) ತಗೊಳ್ಳಿ. ಇನ್ವರ್ಟರೇ ಬೇಡ. 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಜೋಡಿಸಿ), ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ಕಾಯುವ ಒಂದು ಚಾರ್ಜ್ ಕಂಟ್ರೋಲರ್, ಸಾಧಾರಣ ಪ್ಯಾನೆಲ್. ಸಾಕು.

ಅದಕ್ಕೂ ಮೊದಲು ಬಾಗಿಲಿನ ಭಾರ ಹೊರುವ ಸ್ಪ್ರಿಂಗ್ ನೋಡಿ. ಬಾಗಿಲು ಮುಚ್ಚಿದಾಗ ಬಿಡುಗಡೆ ಹಗ್ಗ ಎಳೆದು ಮೋಟಾರಿನಿಂದ ಬಿಡಿಸಿ. ಕೈಯಿಂದ ಅರ್ಧಕ್ಕೆ ಎತ್ತಿ, ಮೆಲ್ಲಗೆ ಹಿಡಿತ ಸಡಿಲಿಸಿ. ಅಲ್ಲೇ ನಿಂತರೆ ಸರಿ. ಕೆಳಗೆ ಜಾರಿದರೆ ಸ್ಪ್ರಿಂಗ್ ಹೊರದ ಭಾರವನ್ನೆಲ್ಲ ಮೋಟಾರೇ ಹೊರುತ್ತಿದೆ. ಸ್ಪ್ರಿಂಗ್ ಬಿಗಿ ಮಾಡುವ ಕೆಲಸ ಮಾತ್ರ ತಿಳಿದವರಿಗೇ ಬಿಡಿ, ಅದರ ಬಲಕ್ಕೆ ಕೈ ಮುರಿಯಬಹುದು. ಗ್ಯಾರೇಜಿಗೆ ಬೇರೆ ಬಾಗಿಲಿಲ್ಲ ಅಂದರೆ ಬ್ಯಾಟರಿ ಕೈಕೊಟ್ಟಾಗ ಹೊರಗಿನಿಂದಲೇ ಕೀಲಿಕೈ ತಿರುಗಿಸಿ ಬಾಗಿಲನ್ನು ಮೋಟಾರಿನಿಂದ ಬಿಡಿಸುವ ವ್ಯವಸ್ಥೆಯನ್ನೂ ಈಗಲೇ ಮಾಡಿಸಿಕೊಳ್ಳಿ.