ಹತ್ತು ಗುಂಡು ಸಾಕು ಅಂತೀನಿ ನಾನು

ಹೋದ ಮಾರ್ಚ್‌ನಲ್ಲಿ ಊರಿಗೆ ಹೋಗಿದ್ದೆ. ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಯ ದಿನಗಳು. ಮಧ್ಯಾಹ್ನ ಊಟ ಮುಗಿಸಿ ಫ್ಯಾನ್ ಕೆಳಗೆ ಬಿದ್ದುಕೊಂಡು, ಅಕ್ಕನ ಮಗಳಿಗೆ ನನ್ನ ಒಂದು ಪಿಸ್ತೂಲ್ ಶೂಟಿಂಗ್ ಮ್ಯಾಚಿನ ವಿಡಿಯೋ ತೋರಿಸಿದೆ. ಹ್ಯೂಸ್ಟನ್ ಹತ್ತಿರದ ರೇಂಜ್. ಓಡುತ್ತಾ, ಗೋಡೆ ಮರೆಯಿಂದ ಬಗ್ಗುತ್ತಾ, 22 ಸೆಕೆಂಡಿನಲ್ಲಿ 36 ಗುಂಡು ಹಾರಿಸಿದ್ದೆ. ಹೊಗಳುತ್ತಾಳೆ ಅಂದುಕೊಂಡಿದ್ದೆ.

“ಮಾಮಾ, ಇಷ್ಟ್ಯಾಕ ಹೊಡಿಲಾಕತ್ತೀದಿ? ಒಂದೇ ಛಂದಾಗಿ ಹೊಡದ್ರ ಸಾಕಿಲ್ಲೇನು?” ಅಂದಳು.

ಅವಳದು 10 ಮೀಟರ್ ಏರ್ ಪಿಸ್ತೂಲ್. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗ ಹತ್ತಿದ ಹುಚ್ಚು. 75 ನಿಮಿಷದಲ್ಲಿ 60 ಹೊಡೆತ. ಪ್ರತಿ ಸಲ ಕೈ ಇಳಿಸಬೇಕು, ಲಿವರ್ ತೆರೆಯಬೇಕು, ತೊಗರಿ ಕಾಳಿಗಿಂತ ಸಣ್ಣದೊಂದು ಪೆಲೆಟ್ ಇಟ್ಟು ಮುಚ್ಚಬೇಕು, ಉಸಿರು ಬಿಡಬೇಕು. ಮ್ಯಾಗಜೀನ್, ಅಂದರೆ ಗುಂಡು ತುಂಬಿಡುವ ಡಬ್ಬಿ, ಅನ್ನೋ ಮಾತೇ ಅಲ್ಲಿಲ್ಲ. ಮದ್ದಿನಿಂದ ಹಾರುವ ಗುಂಡಿನ 25 ಮೀಟರ್ ಆಟದಲ್ಲೂ ಐದೇ. 2012ರಲ್ಲಿ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್‌ನಲ್ಲಿ ಐದು ಗುಂಡನ್ನು ಮೊದಲು 8, ಆಮೇಲೆ 6, ಕೊನೆಗೆ 4 ಸೆಕೆಂಡಿನಲ್ಲಿ ಮುಗಿಸಬೇಕು. ಐದು ತುಂಬು, ಐದು ಹೊಡೆ, ಮತ್ತೆ ಐದು ತುಂಬು.

ನಾನಿರುವ ಕಡೆ ಲೆಕ್ಕವೇ ಬೇರೆ. ಗ್ರೀನ್ ಕಾರ್ಡ್ ಬರುವವರೆಗೂ ನಾನು ಬಂದೂಕಿನ ಗೊಡವೆಗೆ ಹೋಗಲಿಲ್ಲ. ಬಂದ ಮೇಲೆ ಯುಎಸ್‌ಪಿಎಸ್‌ಎ ಅನ್ನುವ ಸಂಘದ, ಓಡುತ್ತಾ ಗುರಿ ಹೊಡೆಯುವ ಮ್ಯಾಚುಗಳಿಗೆ ಹೋಗತೊಡಗಿದೆ. ಈಗ ನಮ್ಮ ಕಡೆಯ ಹುಡುಗರು ಯಾರಾದರೂ ಜೊತೆ ಬಂದರೆ ಕೇಳುವ ಮೊದಲ ಪ್ರಶ್ನೆ ಒಂದೇ. “ಅಣ್ಣಾ, ಎಷ್ಟು ಗುಂಡಿನ ಮ್ಯಾಗಜೀನ್ ತಗೊಳ್ಳಲಿ?”

ಮೊದಲು ನೀನು ಯಾವ ಡಿವಿಷನ್, ಅಂದರೆ ಆಟದ ಯಾವ ವರ್ಗ, ಅಂತ ಹೇಳಪ್ಪಾ ಅಂತೀನಿ. ಓಪನ್ ಆದರೆ ಮ್ಯಾಗಜೀನ್ 171.25 ಮಿಲಿಮೀಟರ್ ಉದ್ದದವರೆಗೆ ಇರಬಹುದು. ಲಿಮಿಟೆಡ್ ಆದರೆ 141.25. ಅಷ್ಟರೊಳಗೆ ಎಷ್ಟು ಹಿಡಿದರೆ ಅಷ್ಟು. ಅಲ್ಲಿ ಅಳೆಯೋದು ಉದ್ದವನ್ನೇ ಹೊರತು ಗುಂಡನ್ನಲ್ಲ. ಸಿಂಗಲ್ ಸ್ಟ್ಯಾಕ್‌ನಲ್ಲಿ ಜೋರಿನ ಗುಂಡಾದರೆ 8, ಮೆತ್ತಗಿನದಾದರೆ 10. ಐಪಿಎಸ್‌ಸಿ ಅನ್ನುವ ಅಂತರರಾಷ್ಟ್ರೀಯ ಸಂಘದ ಪ್ರೊಡಕ್ಷನ್‌ನಲ್ಲಿ 15. ಲಿಮಿಟೆಡ್ 10 ಅನ್ನುವುದರ ಹೆಸರಲ್ಲೇ ಲೆಕ್ಕ ಇದೆ.

ಆಮೇಲೆ ರಾಜ್ಯದ ಕಾನೂನು. ನಾನು ಮೊದಲು ಇದ್ದದ್ದು ನ್ಯೂಜೆರ್ಸಿಯಲ್ಲಿ. ಆ ರಾಜ್ಯ 2018ರಲ್ಲಿ 15ರ ಮಿತಿಯನ್ನು 10ಕ್ಕೆ ಇಳಿಸಿತು. ಟೆಕ್ಸಾಸ್‌ಗೆ ಬಂದರೆ ಮಿತಿಯೇ ಇಲ್ಲ. ಬಿಸಿಲು ನಮ್ಮೂರಿನದೇ, ಬೆವರು ಮಾತ್ರ ಜಾಸ್ತಿ. ಬಂದ ಮೊದಲ ತಿಂಗಳಲ್ಲೇ 23 ಗುಂಡು ಹಿಡಿಯುವ ಮ್ಯಾಗಜೀನ್ ನಾಲ್ಕು ಕೊಂಡೆ. ಹಸಿದವನಿಗೆ ಖಾನಾವಳಿ ಸಿಕ್ಕಂತೆ.

ಅವಳಿಗೆ ತೋರಿಸಿದ ವಿಡಿಯೋ ಅದರದ್ದೇ. ಮ್ಯಾಚಿನ ಆ ಸುತ್ತಿಗೆ, ಅಂದರೆ ಸ್ಟೇಜಿಗೆ, ಬೇಕಾಗಿದ್ದು 32 ಗುಂಡು, ನಾನು ಹೊಡೆದದ್ದು 36. ಹೆಚ್ಚಿನ ನಾಲ್ಕು ಯಾಕೆ? ಇದ್ದವು, ಹೊಡೆದೆ. ಹತ್ತರ ಮ್ಯಾಗಜೀನ್ ಕೈಯಲ್ಲಿ ಇದ್ದಿದ್ದರೆ ಗುರಿಗೆ ಇಟ್ಟ ಆ ಸ್ಟೀಲ್ ಪ್ಲೇಟಿನ ಮೇಲೆ ಅಷ್ಟು ಉಡಾಫೆ ಮಾಡುತ್ತಿರಲಿಲ್ಲ.

ಹತ್ತರ ಆಟದ ಗಮ್ಮತ್ತು ಇರೋದು ಎಣಿಕೆಯಲ್ಲಿ. ದೊಡ್ಡ ಸ್ಟೇಜಿನಲ್ಲೂ ಒಂದೇ ಜಾಗದಿಂದ 8ಕ್ಕಿಂತ ಹೆಚ್ಚು ಹೊಡೆತ ಬೇಕಾಗದ ಹಾಗೆ ಕಟ್ಟಬೇಕು ಅಂತ ನಿಯಮ ಇದೆ. ಅಂದರೆ ಹತ್ತರಲ್ಲಿ ಎಂಟು ಕೆಲಸಕ್ಕೆ, ಎರಡು ತಪ್ಪಿದರೆ ಇರಲಿ ಅಂತ. ಅವ್ವ ಹೊಲಕ್ಕೆ ಬುತ್ತಿ ಕಟ್ಟುವಾಗ ಹೀಗೆಯೇ ಎಣಿಸುತ್ತಿದ್ದಳು. ಆಳಿಗೆ ಇಷ್ಟು ರೊಟ್ಟಿ, ಮ್ಯಾಲೆ ಎರಡು. ಎಂಟು ಹೊಡೆದು ಮುಂದಿನ ಜಾಗಕ್ಕೆ ಓಡುವಾಗಲೇ ಮ್ಯಾಗಜೀನ್ ಬದಲಿಸಿದರೆ ಸಮಯ ಹೋಗುವುದೇ ಇಲ್ಲ, ಹೇಗಿದ್ದರೂ ಕಾಲು ಓಡುತ್ತಿರುತ್ತದೆ. ನಿಂತಲ್ಲೇ ಬದಲಿಸಿದರೆ ನನ್ನಂಥವನಿಗೆ ಎರಡು ಸೆಕೆಂಡು ಢಮಾರ್. ಅಂಕವನ್ನು ಸಮಯದಿಂದ ಭಾಗಿಸುವ ಆಟ ಇದು. ಎರಡು ಸೆಕೆಂಡು ಅಂದರೆ ಸಣ್ಣ ಮಾತಲ್ಲ.

ನ್ಯೂಜೆರ್ಸಿಯಲ್ಲಿ ಒಮ್ಮೆ ಎಂಟು ಪ್ಲೇಟ್ ಸಾಲಾಗಿ ನಿಂತಿದ್ದವು. ಮೊದಲ ಐದು ಟಣ್ ಟಣ್ ಅಂತ ಬಿದ್ದವು. ಆರನೆಯದು ತಪ್ಪಿತು. ಮತ್ತೆ ತಪ್ಪಿತು. ಮತ್ತೂ ತಪ್ಪಿತು. ಎರಡು ಕೆಡವುವಷ್ಟರಲ್ಲಿ ಹತ್ತೂ ಖಾಲಿ, ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಹೋಗಿ ನಿಂತುಬಿಟ್ಟಿತು. ಎದುರಿಗೆ ಒಂದೇ ಒಂದು ಪ್ಲೇಟ್. ಬೆಲ್ಟಿನಿಂದ ಮ್ಯಾಗಜೀನ್ ಎಳೆದೆ, ಬೆವರಿದ ಕೈ, ಜಾರಿ ಮಣ್ಣಿಗೆ ಬಿತ್ತು. ಇನ್ನೊಂದು ಎಳೆದು ಹಾಕುವಷ್ಟರಲ್ಲಿ ಐದು ಸೆಕೆಂಡು. ಹಿಂದೆ ಟೈಮರ್ ಹಿಡಿದ ಅಜ್ಜ ಏನೂ ಅನ್ನಲಿಲ್ಲ, ಮೀಸೆಯಲ್ಲೇ ನಕ್ಕ. ಆವತ್ತಿನಿಂದ ಆರನೇ ಪ್ಲೇಟ್ ಬಂದರೆ ನನ್ನ ಬೆರಳು ತಾನಾಗಿ ನಿಧಾನ ಆಗುತ್ತದೆ.

ಒಂದಕ್ಕೆ ಮಾತ್ರ ಇನ್ನೂ ಒಗ್ಗಿಕೊಂಡಿಲ್ಲ. ಓಡುವಾಗ ಮೂರು ಗುಂಡು ಉಳಿದಿರುವ ಮ್ಯಾಗಜೀನನ್ನು ನೆಲಕ್ಕೆ ಬೀಳಿಸಬೇಕು. ಅದೇ ಸರಿ. ಆದರೆ ತಾಟಿನಲ್ಲಿ ರೊಟ್ಟಿ ಚೂರು ಬಿಟ್ಟರೂ ಬೈಸಿಕೊಂಡು ಬೆಳೆದವನು ನಾನು. ಸ್ಟೇಜ್ ಮುಗಿದ ಮೇಲೆ ಮಣ್ಣಿನಿಂದ ಅದನ್ನು ಹೆಕ್ಕಿ, ಬ್ರಷ್‌ನಿಂದ ಒಳಗೆಲ್ಲ ಉಜ್ಜಿ, ಆ ಮೂರನ್ನೂ ಜೇಬಿಗೆ ಹಾಕಿಕೊಂಡ ಮೇಲೆಯೇ ಸಮಾಧಾನ.

ದೊಡ್ಡ ಮ್ಯಾಗಜೀನಿನ ಮೇಲೆ ನನಗೇನೂ ಸಿಟ್ಟಿಲ್ಲ. ಗೆಲ್ಲಲೇಬೇಕು ಅನ್ನುವವರು ಡಿವಿಷನ್ ಬಿಟ್ಟಷ್ಟೂ ತುಂಬಬೇಕು, ಇಲ್ಲದಿದ್ದರೆ ಸುಮ್ನೆ ಸೋಲು. ಆದರೆ ಕೊನೆಯ ಒಂದು ಗುಂಡಿನ ಆಸೆಗೆ ಬಿಗಿಯಾಗಿ ತುರುಕಿದ ಮ್ಯಾಗಜೀನ್, ಸ್ಲೈಡ್ ಮುಚ್ಚಿರುವಾಗ ಸರಿಯಾಗಿ ಕೂರೋದೇ ಇಲ್ಲ. ಅಂಗೈಯಲ್ಲಿ ಗುದ್ದಬೇಕು. ಸ್ಪ್ರಿಂಗ್ ಸೊರಗಿದರೆ ಗುಂಡು ಮೇಲೆ ಬರುವುದಿಲ್ಲ. 23ರಲ್ಲಿ ಎರಡು ಕಡಿಮೆ ತುಂಬಿದರೆ ಸಿಗುವ ನೆಮ್ಮದಿಯೇ ಬೇರೆ. ಹೊಸಬರಿಗೆ ನಾನು ಹೇಳೋದು ಇಷ್ಟೇ: ದೊಡ್ಡದು ಎರಡು ಕೊಳ್ಳುವ ದುಡ್ಡಿನಲ್ಲಿ ಸಾಧಾರಣದ್ದು ಐದು ತಗೋ, ಮೇಲೆ ನಂಬರ್ ಬರಿ, ತೊಂದರೆ ಕೊಡುವುದನ್ನು ಪ್ರಾಕ್ಟೀಸಿಗೆ ಇಟ್ಟುಬಿಡು, ಮೊದಲ ವರ್ಷ ಹತ್ತೇ ತುಂಬು.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದರೆ ಅವಳಿಗೆ ನಗು. ನಮ್ಮ ದೇಶದಲ್ಲಿ 9 ಎಂ.ಎಂ. ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಅವಳ ಏರ್ ಪಿಸ್ತೂಲಿಗೆ ಲೈಸೆನ್ಸೇ ಬೇಡ. ನಮ್ಮೂರ ಕೋಟೆಯ ಮೇಲಿನ 29 ಅಡಿ ಉದ್ದದ ತೋಪನ್ನು ನೆನಪಿಸಿ, “ಅದ್ರಾಗೂ ಒಂದೇ ಗುಂಡು ಮಾಮಾ” ಅಂದಳು. ಬಾಯಿ ಮುಚ್ಚಿಕೊಂಡೆ.

ಸಂಜೆ ಜಾತ್ರೆಗೆ ಕರೆದುಕೊಂಡು ಹೋದಳು. ಬಲೂನ್ ಹೊಡೆಯುವ ಅಂಗಡಿ. ನಳಿಕೆ ಬಗ್ಗಿಸಿ ಒಂದೊಂದೇ ಛರ್ರೆ ಹಾಕುವ ಹಳೇ ಏರ್‌ಗನ್, ಮುಂದಿನ ಗುರಿಮೊನೆ ಎಡಕ್ಕೆ ವಾಲಿತ್ತು. ಹತ್ತು ಹೊಡೆತ ಅವಳಿಗೆ, ಹತ್ತು ನನಗೆ. ಅವಳು ಮೊದಲನೆಯದನ್ನು ತಪ್ಪಿಸಿ, ಎಷ್ಟು ವಾಲಿದೆ ಅಂತ ನೋಡಿಕೊಂಡು, ಉಳಿದ ಒಂಬತ್ತನ್ನೂ ಒಡೆದಳು. ನಾನು ಅಂಗಡಿಯವನಿಗೆ ಬೇಗ ಬೇಗ ತುಂಬಿಕೊಡು ಅಂತ ಹೇಳಿ, ಪಟಪಟ ಹೊಡೆದು ನಾಲ್ಕು ಒಡೆದೆ.

ಅವನು ನನ್ನ ಮುಖ ನೋಡಿದ. “ಸಾಹೇಬ್ರ, ಇನ್ನೊಂದು ಹತ್ತು ಹಾಕ್ಲೇನ್ರಿ?”