ಆಟ ಎಷ್ಟಕ್ಕೆ ಬಿಡುತ್ತೆ?

ಈ ವರ್ಷದ ನಾಟಕಗಳ ಕೈಪಿಡಿ ಬಂದಿದೆ. ನುಣುಪು ಕಾಗದ, ಬಣ್ಣಬಣ್ಣದ ಫೋಟೋ. ಯಾವ ತಂಡದ್ದು ಅಂತ ಹೇಳುವುದಿಲ್ಲ, ನಾಳೆ ಅವರ ಮುಖ ನೋಡಬೇಕಲ್ಲ. ಅಧ್ಯಕ್ಷರ ಮಾತು, ನಿರ್ದೇಶಕರ ಮಾತು, ಪ್ರಾಯೋಜಕರ ನಗುಮುಖ ದಾಟಿದ ಮೇಲೆ ನಾಟಕಗಳು. ಮೊದಲನೆಯದು ಅಧಿಕಾರದ ದಾಹವನ್ನು ಶೋಧಿಸುತ್ತದಂತೆ. ಎರಡನೆಯದೂ ಅದನ್ನೇ, ಆದರೆ ಹೆಣ್ಣಿನ ಕಣ್ಣಿನಿಂದ. ಮೂರನೆಯದು ಸಂಗೀತ ನಾಟಕ. ಸದ್ಯ, ಬದುಕಿದೆ ಅಂದುಕೊಂಡೆ. ಅದು ಹಾಡುಗಳ ಮೂಲಕ ಅಧಿಕಾರದ ದಾಹವನ್ನು ಶೋಧಿಸುತ್ತದೆ. ಹಾಡುವವರು ಯಾರು, ಹಾರ್ಮೋನಿಯಂ ಇದೆಯೋ ಇಲ್ಲ ರೆಕಾರ್ಡ್ ಹಾಕಿ ತುಟಿ ಅಲ್ಲಾಡಿಸುತ್ತಾರೋ, ನಗು ಬರುತ್ತಾ, ಆಟ ಎಷ್ಟಕ್ಕೆ ಬಿಡುತ್ತೆ? ಒಂದಕ್ಕೂ ಉತ್ತರವಿಲ್ಲ.

ನಮ್ಮ ಕಾಕಾ ಆಗಿದ್ದರೆ ಇದನ್ನು ಮಡಚಿ ಕಿಟಕಿ ಸಂದಿಗೆ ಸಿಕ್ಕಿಸುತ್ತಿದ್ದರು. ಅವರದು ಬಾದಾಮಿ ಕಡೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ಸಾಕು, ಸಾಲುಸಾಲಾಗಿ ನಾಟಕ ಕಂಪನಿಗಳು ಬಂದು ಟೆಂಟು ಹಾಕುತ್ತವೆ. ರಾತ್ರಿಯಿಡೀ ಆಟ. ಕಾಕಾ ಅಷ್ಟೂ ಕಂಪನಿಗಳ ಹ್ಯಾಂಡ್‌ಬಿಲ್ ತಂದು ಜಮಖಾನೆ ಮೇಲೆ ಹರಡಿಕೊಂಡು ಕೂರುತ್ತಿದ್ದರು. ತೆಳ್ಳನೆಯ ಗುಲಾಬಿ ಕಾಗದ, ಮುಟ್ಟಿದರೆ ಮಸಿ ಕೈಗೆ. ಅವರ ಪರೀಕ್ಷೆ ಸರಳ: ಹಾಸ್ಯಗಾರನ ಹೆಸರು ಹೀರೋ ಹೆಸರಿಗಿಂತ ದಪ್ಪ ಇರಬೇಕು. ಹೀರೋನದೇ ದಪ್ಪ ಇದ್ದರೆ, "ಈಂವ ಮಾಲಕನ ಅಳಿಯ ಇರಬೇಕು" ಅಂತ ಪಕ್ಕಕ್ಕೆ ಸರಿಸುವುದು.

ಒಂದು ವರ್ಷ ಹ್ಯಾಂಡ್‌ಬಿಲ್ಲಿನಲ್ಲಿ "ಇಂದೇ ಕಡೆಯ ಆಟ" ಅಂತಿತ್ತು. ಮನೆಗೆ ಬೀಗರು ಬಂದಿದ್ದರು. ಅವರನ್ನು ಊಟದ ಎಲೆ ಮುಂದೆ ಬಿಟ್ಟು ಕಾಕಾ ಹೊರಟೇಬಿಟ್ಟರು. ಕಾಕು ಇಡೀ ರಾತ್ರಿ ಬೈದಳು. ಮರುದಿನ ಜೀಪಿನ ಮೈಕು ಕೂಗಿತು: "ಪ್ರೇಕ್ಷಕರ ಒತ್ತಾಯದ ಮೇರೆಗೆ ಇಂದು ಮತ್ತೊಮ್ಮೆ!" ಕಾಕಾ ನೇರ ಟಿಕೆಟ್ ಕೌಂಟರಿಗೆ. "ಯಾರ ಒತ್ತಾಯ? ನಾ ಅಂತೂ ಮಾಡಿಲ್ಲ." ಮ್ಯಾನೇಜರು ಎದ್ದು ನಿಂತು ಕೈ ಮುಗಿದನಂತೆ. "ಯಾಕ್ರೀ ಸಾಹುಕಾರ್ರ, ನಿನ್ನೆ ಎರಡು ಸಲ ಒನ್ಸ್ ಮೋರ್ ಅಂದ್ರಲ್ಲ, ಅದು ಒತ್ತಾಯ ಅಲ್ಲೇನ್ರಿ?" ಕಾಕಾನ ಬಳಿ ಉತ್ತರವಿರಲಿಲ್ಲ. ಆ ರಾತ್ರಿಯೂ ಟಿಕೆಟ್ ತೆಗೆಸಿದರು. ಬೀಗರನ್ನೂ ಕರೆದುಕೊಂಡು ಹೋದರು. ಕಾಕುವನ್ನು ಬಿಟ್ಟು. ಅದಕ್ಕೆ ಬೇರೆಯೇ ಯುದ್ಧ ನಡೆಯಿತು, ಇಲ್ಲಿ ಬೇಡ.

ಆ ಹ್ಯಾಂಡ್‌ಬಿಲ್ಲುಗಳು ಹೇಳುತ್ತಿದ್ದುದು ಅರ್ಧ ಸುಳ್ಳು, ನಿಜ. ಆದರೆ ನಮಗೆ ಬೇಕಾದ ವಿಷಯದಲ್ಲೇ ಸುಳ್ಳು ಹೇಳುತ್ತಿದ್ದವು. ಗುಬ್ಬಿ ನಾಟಕ ಕಂಪನಿಯವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು. ಇವತ್ತಿನ ಕೈಪಿಡಿ ಬರೆಯುವವರ ಕೈಗೆ ಅದು ಸಿಕ್ಕಿದ್ದರೆ "ಯುದ್ಧದ ನಿರರ್ಥಕತೆ" ಅಂತ ಎರಡು ಪ್ಯಾರಾ ಬರೆದು, ಆನೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ಎಲ್ಲರೂ ಹೀಗೇ ಅಂತಲ್ಲ. ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆಯ ತಿರುಗಾಟ ತಂಡ 1985ರಿಂದ ಊರೂರು ಸುತ್ತುತ್ತಿದೆ. ಹಾಗೆ ಊರಿಗೆ ಬಂದಿಳಿಯುವ ನಾಟಕಕ್ಕೆ ದಪ್ಪ ಪುಸ್ತಕ ಬೇಕಿಲ್ಲ. ಇವತ್ತು ಒಂದು, ನಾಳೆ ಇನ್ನೊಂದು, ನಾಡಿದ್ದು ಅವರು ಮುಂದಿನ ಊರಲ್ಲಿ. ಹೋದರೆ ಹೋದಿರಿ, ಬಿಟ್ಟರೆ ಬಿಟ್ಟಿರಿ. ಬೆಂಗಳೂರಿನ ರಂಗಶಂಕರ ನಾಟಕಮಂದಿರವೂ ಅಷ್ಟೇ, 2004ರಲ್ಲಿ ಶುರುವಾದಾಗಿನಿಂದ ಒಂದು ಮಾತಿನಲ್ಲಿ ಖಡಕ್ಕು: ತಡವಾದರೆ ಒಳಗೆ ಬಿಡುವುದಿಲ್ಲ. ತುಂಬಾ ಜನಕ್ಕೆ ಇದರ ಮೇಲೆ ಸಿಟ್ಟು. ನನಗಂತೂ ಖುಷಿ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಬಿಟ್ಟುಕೊಂಡು, ಸಾಲಿನಲ್ಲಿ ಕೂತವರ ಕಾಲೆಲ್ಲ ತುಳಿದು, ಸೀಟು ಸಿಕ್ಕ ಕೂಡಲೇ "ಕಥೆ ಎಲ್ಲಿವರೆಗೆ ಬಂತು?" ಅಂತ ನನ್ನನ್ನೇ ಕೇಳುವವರಿದ್ದಾರಲ್ಲ, ಈ ನುಣುಪು ಕೈಪಿಡಿಗಳನ್ನು ಕೊಡಬೇಕಾದ್ದು ಅವರಿಗೆ. ಹೊರಗೆ ನಿಂತು ಓದಲಿ.